ಸುವರ್ಣಾಳ ನಗು ಮತ್ತು ದುಬೈ ದುಡ್ಡು

ಅಪ್ಪಾಸಾಬ ಕಪ್ಪು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟು ಏನೋ ಹೇಳಿದ. ಸುವರ್ಣಾ ನಕ್ಕಳು.

ರಸ್ತೆಯ ಈಚೆ, ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದ ದುರಗೇಶನ ಕೈಯಲ್ಲಿನ ಸ್ಕ್ರೂಡ್ರೈವರ್ ಜಾರಿತು. ಯಾರದೋ ಹೊಸ ಫೋನಿನ ಮೇಲೆ ಉದ್ದಕ್ಕೆ ಗೀರು ಬಿತ್ತು.

ಬನಹಟ್ಟಿಯ ಆ ರಸ್ತೆಯಲ್ಲಿ ಪವರ್‌ಲೂಮ್ ಸದ್ದಿಗೆ ಆಚೆಯ ಮಾತು ಈಚೆ ಕೇಳಿಸುವುದಿಲ್ಲ. ಆದರೆ ಎದುರಿನ ಮನಿ ಟ್ರಾನ್ಸ್‌ಫರ್ ಆಫೀಸಿಗೆ ಗಾಜಿನ ಬಾಗಿಲು. ಮಾತು ಕೇಳಿಸದೆ ನಗು ಮಾತ್ರ ಕಂಡರೆ ಎದೆ ಎಷ್ಟು ಉರಿಯುತ್ತದೆ ಎಂಬುದು ದುರಗೇಶನಿಗೆ ಆ ಬೇಸಿಗೆಯಲ್ಲಿ ತಿಳಿಯಿತು.

ಸುವರ್ಣಾ ಜಮಖಂಡಿಯವಳು. ಬಿ.ಕಾಂ. ಮುಗಿಸಿ ಆ ಆಫೀಸಿಗೆ ಸೇರಿ ವರ್ಷ ಕಳೆದಿತ್ತು. ಗಲ್ಫ್‌ನಲ್ಲಿ ದುಡಿಯುವವರು ಕಳಿಸಿದ ಹಣವನ್ನು ಅವರ ಮನೆಯವರಿಗೆ ಕೊಡುವುದು, ಡಾಲರು ದಿರ್ಹಮು ತಂದವರಿಗೆ ರೂಪಾಯಿ ಮಾಡಿಕೊಡುವುದು ಅವಳ ಕೆಲಸ. ಸಂಜೆ ಬಸ್‌ಸ್ಟ್ಯಾಂಡಿನ ತನಕ ದುರಗೇಶ ಜೊತೆಗೆ ನಡೆಯುತ್ತಿದ್ದ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ. ಆದರೆ ಜಮಖಂಡಿ ಬಸ್ಸು ಬಂದರೆ, ಗದ್ದಲ ಬಹಳ ಇದೆ ಎಂದು ಅವಳು ಬಿಟ್ಟುಬಿಡುತ್ತಿದ್ದಳು. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇರುವುದು ಇಬ್ಬರಿಗೂ ಕಾಣುತ್ತಿತ್ತು.

ಅಷ್ಟರಲ್ಲಿ ಮುಧೋಳದಿಂದ ಈ ಅಪ್ಪಾಸಾಬ ಬರತೊಡಗಿದ. ಇಸ್ತ್ರಿ ಮುರಿಯದ ಅಂಗಿ, ರಸ್ತೆ ದಾಟಿ ಬರುವ ಸೆಂಟಿನ ವಾಸನೆ. ಬರುವಾಗಲೆಲ್ಲ ಬೇರೆ ಬೇರೆ ಮಗ್ಗದ ಕೂಲಿಯವರನ್ನು ಹೆಗಲ ಮೇಲೆ ಕೈಹಾಕಿ ಕರೆತರುತ್ತಿದ್ದ. ಹಣ ಅವರ ಹೆಸರಿಗೆ ಬರುತ್ತಿತ್ತು, ಹೊರಗೆ ಬಂದ ಮೇಲೆ ಅವನ ಜೇಬು ಸೇರುತ್ತಿತ್ತು. ಇದೆಲ್ಲ ದುರಗೇಶನ ಕಣ್ಣೆದುರೇ ನಡೆದರೂ ಅವನಿಗೆ ಕಂಡದ್ದು ಒಂದೇ. ಯಾರಿಗೂ ಚಹಾ ತರಿಸದ ಸುವರ್ಣಾ ಇವನಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಮಾತಿಗೆ ಮಾತು ಬೆಳೆಸುತ್ತಿದ್ದಳು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟ. ಕಸ್ಟಮರ್ ಎಂದಳು. ಕಸ್ಟಮರ್‌ಗೆಲ್ಲ ಚಹಾ ಕುಡಿಸುವುದು ಯಾವಾಗ ಶುರುವಾಯಿತೆಂದು ಇವನು ಚುಚ್ಚಿದ.

ಅವಳ ಮುಖ ಸಣ್ಣದಾಯಿತು. “ಅದೊಂದು ಕೇಳಬ್ಯಾಡ್ರಿ. ನನಗ ಹೇಳಾಕ ಬರೂದಿಲ್ಲ.”

ಆ ದಿನ ಮೊದಲು ಬಂದ ಬಸ್ಸಿಗೇ ಹತ್ತಿದಳು. ಕಾಲಿಡಲು ಜಾಗವಿರಲಿಲ್ಲ, ಬಾಗಿಲಲ್ಲಿ ನಿಂತೇ ಹೋದಳು.

ಮುಂದಿನ ವಾರ ಅಪ್ಪಾಸಾಬ ದುರಗೇಶನ ಅಂಗಡಿಗೇ ಬಂದ. ತನ್ನ ಅಣ್ಣಂದಿರು ದುಬೈನಿಂದ ಹಣ ಕಳಿಸುತ್ತಾರೆ, ಒಬ್ಬನ ಹೆಸರಿನಲ್ಲಿ ವರ್ಷಕ್ಕೆ ಇಷ್ಟು ಸಲ ಮಾತ್ರ ತೆಗೆಯಬೇಕೆಂಬ ನಿಯಮ ಇದೆ, ನಿನ್ನ ವೋಟರ್ ಕಾರ್ಡ್ ತೋರಿಸಿ ಒಮ್ಮೆ ತೆಗೆದುಕೊಟ್ಟರೆ ಕಮಿಷನ್ ಕೊಡುತ್ತೇನೆ ಎಂದ. ದುರಗೇಶನ ಮನಸ್ಸು ಕಮಿಷನ್ ಮೇಲಿರಲಿಲ್ಲ. ದುಬೈ ದುಡ್ಡು ಬರುವವನಾಗಿ ತಾನೂ ಒಮ್ಮೆ ಆ ಕೌಂಟರಿನ ಮುಂದೆ ನಿಲ್ಲಬೇಕು, ಆಗ ಅವಳು ಹೇಗೆ ನಗುತ್ತಾಳೋ ನೋಡಬೇಕು ಎನಿಸಿತು. ಹಲ್ಲು ಕಚ್ಚಿ ಎದ್ದು ಹೊರಟ.

ಅವನನ್ನು ಕಂಡು ಅರಳಿದ ಸುವರ್ಣಾಳ ಮುಖ, ಅಪ್ಪಾಸಾಬ ಬರೆದುಕೊಟ್ಟ ಚೀಟಿಯಲ್ಲಿದ್ದ ಹಣದ ನಂಬರು ಓದುತ್ತಲೇ ಬಿಳಿಚಿತು. ಕೀಬೋರ್ಡಿನ ಮೇಲೆ ಬೆರಳು ನಿಂತವು. ಗಾಜಿನಾಚೆ ಅಪ್ಪಾಸಾಬ ಬೈಕಿಗೆ ಒರಗಿ ನೋಡುತ್ತಿದ್ದ.

ಕಳಿಸಿದವರು ಯಾರು ಎಂದು ಕೇಳಿದಳು. ಅಪ್ಪಾಸಾಬ ಹೇಳಿಕೊಟ್ಟಂತೆ, ಮಾವ ಎಂದ. ಮಾವ ದುಬೈನಲ್ಲಿ ಏನು ಮಾಡುತ್ತಾರೆ ಎಂದಳು. ಅದನ್ನು ಅವನು ಹೇಳಿಕೊಟ್ಟಿರಲಿಲ್ಲ.

“ಆತಗ ಚಾ ಕೊಡ್ತೀರಿ,” ಎಂದ ದುರಗೇಶ, “ನನಗ ಪ್ರಶ್ನೆ ಕೇಳ್ತೀರಿ.”

ಅವಳ ಕಣ್ಣು ತುಂಬಿದವು. ಮುಂದೆ ಬಾಗಿ ಪಿಸುದನಿಯಲ್ಲಿ ಕೇಳಿದಳು. “ನನ್ನ ಮಾರಿ ನೋಡಿ ಹೇಳು. ಈ ರೊಕ್ಕ ನಿಂದೇನು?”

ಇಷ್ಟು ದಿನ ‘ರೀ’ ಬಿಟ್ಟು ಮಾತಾಡದವಳು ಮೊದಲ ಸಲ ‘ನೀ’ ಎಂದಿದ್ದಳು. ಆ ಕಣ್ಣುಗಳ ಎದುರು ಸುಳ್ಳು ನಾಲಗೆಗೆ ಬರಲಿಲ್ಲ.

“ಅಲ್ಲ,” ಎಂದ.

ಕಾರ್ಡನ್ನು ಅವನತ್ತ ಸರಿಸಿದಳು. “ಹಂಗಾರ ಅಂಗಡಿಗೆ ನಡಿ. ಮತ್ತ ಈ ಕೆಲಸಕ್ಕ ಬರಬ್ಯಾಡ.”

ಅಷ್ಟರಲ್ಲಿ ಬಾಗಿಲು ತೆರೆದು ಅಪ್ಪಾಸಾಬ ಒಳಗೆ ಬಂದ. ಸುವರ್ಣಾ ತಟ್ಟನೆ ನಕ್ಕು, ಸರ್ವರ್ ಡೌನ್ ಆಗಿದೆ, ಕೂತು ಚಹಾ ಕುಡಿದು ಹೋಗಿ ಎಂದಳು. ರಸ್ತೆಯಾಚೆಯಿಂದ ಅಷ್ಟು ದಿನ ಕಂಡ ಅದೇ ನಗು ದುರಗೇಶನಿಗೆ ಈಗ ಒಂದು ಮೊಳದ ದೂರದಲ್ಲಿತ್ತು. ತುಟಿ ನಗುತ್ತಿದ್ದವು. ಕೌಂಟರಿನ ಅಂಚಿನಾಚೆ, ಅವಳ ಕೈ ದುಪಟ್ಟಾದ ತುದಿಯನ್ನು ಹಿಂಡಿ ಮುದ್ದೆ ಮಾಡುತ್ತಿತ್ತು.

ಅವನ ಹೊಟ್ಟೆಯುರಿ ಅಲ್ಲಿಯೇ ತಣ್ಣಗಾಯಿತು. ಅದರ ಜಾಗದಲ್ಲಿ ಅವಳಿಗೇನಾದರೂ ಆದರೆ ಎಂಬ ಹೆದರಿಕೆ ಬಂದು ಕೂತಿತು. ಕಾರ್ಡು ಕೊಡುವುದಿಲ್ಲವೆಂದು ಅಪ್ಪಾಸಾಬನಿಗೆ ಅಂದೇ ಹೇಳಿದ. ಆಮೇಲಿಂದ ಅಪ್ಪಾಸಾಬ ಆಫೀಸಿನೊಳಗೆ ಹೋದಾಗಲೆಲ್ಲ ದುರಗೇಶ ಕೆಲಸ ಬಿಟ್ಟು ತನ್ನ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ.

ಮಳೆಗಾಲದ ಹೊತ್ತಿಗೆ ಪೊಲೀಸರು ಅಪ್ಪಾಸಾಬನನ್ನು ಹಿಡಿದರು. ಲಾಟರಿ ಹತ್ತಿದೆ, ಫಾರಿನ್ನಿನಲ್ಲಿ ನೌಕರಿ ಇದೆ ಎಂದು ಯಾರ್ಯಾರಿಂದಲೋ ಲಪಟಾಯಿಸಿದ ಹಣವದು. ಹೊರದೇಶ ಸುತ್ತಿಸಿ, ಕೂಲಿಯವರ ಹೆಸರಿನಲ್ಲಿ ತೆಗೆದು, ದುಡಿದ ಹಣವೆನ್ನುವಂತೆ ಮಾಡಿಕೊಳ್ಳುತ್ತಿದ್ದ. ಹೆಸರು ಕೊಟ್ಟ ಕೂಲಿಯವರು ಮಗ್ಗ ಬಿಟ್ಟು ಸ್ಟೇಷನ್ನಿಗೆ ಅಲೆದರು. ದುರಗೇಶನನ್ನೂ ಕರೆಸಿದರು. ಇದ್ದದ್ದನ್ನು ಇದ್ದಂತೆ ಹೇಳಿದ. ಹಣ ತೆಗೆದಿಲ್ಲವಾದ್ದರಿಂದ ಬಿಟ್ಟು ಕಳಿಸಿದರು.

ಸುಳಿವು ಕೊಟ್ಟವರು ಯಾರೆಂದು ಊರಿಗೆ ಗೊತ್ತಾಗಲಿಲ್ಲ. ಸಂಶಯದ ಹಣವನ್ನು ಮೇಲಕ್ಕೆ ತಿಳಿಸಿದ ಮನಿ ಟ್ರಾನ್ಸ್‌ಫರ್ ಆಫೀಸಿನವರು ಅದನ್ನು ಯಾರ ಮುಂದೆಯೂ ಬಾಯಿಬಿಡುವಂತಿಲ್ಲ, ಗಿರಾಕಿಗೆ ಸಂಶಯ ಬಾರದಂತೆ ನಡೆದುಕೊಳ್ಳಬೇಕು ಎಂದು ಸ್ಟೇಷನ್ನಿನಲ್ಲಿ ಯಾರೋ ಅಂದದ್ದು ದುರಗೇಶನ ಕಿವಿಗೆ ಬಿದ್ದಿತ್ತು. ಆ ಚಹಾ, ಆ ನಗು ಏಕೆಂದು ತಿಳಿಯಲು ಅಷ್ಟು ಸಾಕಾಯಿತು.

ಅಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳ ಪಕ್ಕ ನಿಂತು, “ನೀವೇನೂ ಹೇಳಬ್ಯಾಡ್ರಿ. ನಾನೂ ಕೇಳೂದಿಲ್ಲ,” ಎಂದ. ಆಮೇಲೆ ತನ್ನ ಹೊಟ್ಟೆಯುರಿಯ ಕಥೆಯನ್ನೆಲ್ಲ ನಾಚಿಕೆ ಬಿಟ್ಟು ಹೇಳಿಕೊಂಡ. ಕೊನೆಗೆ, ನಮ್ಮವ್ವನನ್ನು ಜಮಖಂಡಿಗೆ ನಿಮ್ಮ ಮನೆಗೆ ಕಳಿಸಲೇ ಎಂದು ಕೇಳಿದ.

ಸುವರ್ಣಾ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಬಸ್ಸು ಬರುವ ದಾರಿ ನೋಡಿದಳು.

“ಗುಲಾಬಿ ಸ್ಕೂಟಿ ಮ್ಯಾಲ ನಿಮ್ಮ ಅಂಗಡಿಗೆ ಬರ್ತಾಳಲ್ಲ, ರೇಷ್ಮಾ,” ಎಂದಳು, ಅವನತ್ತ ತಿರುಗದೆ. “ಆಕಿ ಫೋನು ವಾರಕ್ಕೊಮ್ಮಿ ಹೆಂಗ ಕೆಡತೈತ್ರಿ?”

ದುರಗೇಶ ನಗಲು ಹೋಗಿ ಅವಳ ಮುಖ ನೋಡಿ ತಡೆದುಕೊಂಡ. ಕಿವಿಯ ತುದಿಯವರೆಗೆ ಕೆಂಪಾಗಿತ್ತು. ಅದು ಪೂರಾ ಸಿಟ್ಟಿನ ಕೆಂಪೇ ಆಗಿತ್ತು.

“ಮೊದಲ ಅದು ಮತ್ತ ಕೆಡದಂಗ ರಿಪೇರಿ ಮಾಡ್ರಿ,” ಎಂದಳು. “ಆಮ್ಯಾಲೆ ಅವ್ವನ್ನ ಕಳಸ್ರಿ.”