ಕಲ್ಲಿನ ಧೂಳು ನುಂಗಿದ ಮಾತು

"ಇದರಾಗ ಏನ್ ಕೆಟ್ಟೈತಿ, ನೋಡಿ ಹೇಳ್ರಿ..."

ಆ ದನಿ! ಅಶ್ವಿನಿಯ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಹನುಮೇಶ! ಕಾರ್ಕಳದ ಕಲ್ಲುಕೋರೆಯಿಂದ ಹತ್ತು ಅಂಗಡಿ ದಾಟಿ, ಕಾಪುವಿನ ಈ ಗೂಡಿನಂಥ ಮೊಬೈಲ್ ರಿಪೇರಿ ಅಂಗಡಿಗೇ ಬರಬೇಕಿತ್ತಾ? ಅದೂ ಇವತ್ತೇ?

ಸಂಜೆ ಆರಕ್ಕೆ ಅಪ್ಪ ಚಂದಪ್ಪ ಬಂದು ಅವಳನ್ನು ಊರಿನ ಬಸ್ಸು ಹತ್ತಿಸುತ್ತಾನೆ. ನಾಳೆ ಸೋದರಮಾವನ ಮಗನ ಜೊತೆ ನಿಶ್ಚಿತಾರ್ಥ. 'ಬೇಡ, ನನಗೆ ಹನುಮೇಶನೇ ಬೇಕು' ಅಂತ ಅವಳು ಎಷ್ಟು ಸಲ ಅಂದರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿನೈದು ದಿನದ ಹಿಂದೆ, ಕೋರೆಯಲ್ಲಿ ಕೆಲಸದ ಮೇಲಿದ್ದ ಇವನಿಗೆ ಫೋನ್ ಮಾಡಿ ಅತ್ತಿದ್ದಳು. "ಬಂದು ಅಪ್ಪನ ಹತ್ತಿರ ಮಾತಾಡ್ತೀಯಾ?" ಅಂದರೆ ಈ ಮಹಾರಾಯ ತುಟಿಪಿಟಕ್ ಅಂದಿರಲಿಲ್ಲ! ಸಿಟ್ಟಿನಲ್ಲಿ ನಂಬರನ್ನೇ ಬ್ಲಾಕ್ ಮಾಡಿದ್ದಳು.

"ಎಂತ ತೊಂದರೆ?" ಮುಖ ನೋಡದೆ ಕೇಳಿದಳು. ಕಾಪುವಿನಲ್ಲೇ ಬೆಳೆದವಳಲ್ಲವೇ, ಹೊರಗಿನವರ ಹತ್ತಿರ ಇದೇ ಮಾತು; ಅಪ್ಪನ ಜೊತೆ ಮಾತ್ರ ಉತ್ತರ ಕರ್ನಾಟಕದ ಮಾತು.

"ನನ್ನ ದನಿ ಯಾರಿಗೂ ಕೇಳವಲ್ದು. ಭಾಳ ದಿನದ ಮ್ಯಾಲೆ ನಿನ್ನೆ ಅವ್ವಗ ಫೋನ್ ಹಚ್ಚಿದ್ದೆ, ಏನೂ ಕೇಳವಲ್ದು ಅಂತ ಬೈದ ಮ್ಯಾಲೆ ಗೊತ್ತಾತು."

ಫೋನಿನ ತಳದ ಸಣ್ಣ ತೂತನ್ನು ಬ್ರಷ್‌ನಿಂದ ಉಜ್ಜಿದಳು. ಕಲ್ಲಿನ ಧೂಳು ಉದುರಿತು. ರೆಕಾರ್ಡ್ ಮಾಡಿದಳು... ಸದ್ದೇ ಇಲ್ಲ. ಹಿಂಬದಿ ಬಿಚ್ಚಿ, ಚಾರ್ಜಿಂಗ್ ಬೋರ್ಡ್ ತೆಗೆದು, ಅಂಗಡಿಯ ಬೇರೆ ಬೋರ್ಡ್ ಹಾಕಿದಳು. ಈಗ ರೆಕಾರ್ಡಿನಲ್ಲಿ ಅವನ ಕೆಮ್ಮು ಕೂಡ ಕೇಳಿಸಿತು.

"ಮೈಕ್ ಹೋಗಿದೆ. ಅದು ಈ ಬೋರ್ಡಿನಲ್ಲೇ ಇರುವುದು. ಬೇರೆ ಎಲ್ಲ ಸರಿ ಉಂಟು."

"ಯಾವಾಗಿಂದ ಕೆಟ್ಟೈತಿ?"

"ಅದು ಹೇಗೆ ಗೊತ್ತಾಗ್ತದೆ ಮಾರಾಯ?"

"ಇದರಾಗ ಕಾಲ್ ಎಲ್ಲಾ ರೆಕಾರ್ಡ್ ಆಗ್ತಾವು. ನೀ ಅತ್ತಿದ್ಯಲ್ಲ... ಅದನ್ನ ಹಚ್ಚು."

ಹಚ್ಚಿದಳು. ಅವಳದೇ ಅಳು. ಅವಳದೇ ಪ್ರಶ್ನೆ. ಆಮೇಲೆ ಖಾಲಿ. ಅವಳದೇ 'ಹಲೋ... ಹಲೋ...' ಮತ್ತೆ ಖಾಲಿ.

ಅಶ್ವಿನಿ ಬೆಚ್ಚಿದಳು. ಕೋರೆಯ ಮಷಿನ್ ಸದ್ದು ಎಲ್ಲಿ? ಹಗಲಿಡೀ ಕಲ್ಲು ಕೊಯ್ಯುವ ಜಾಗದಲ್ಲಿ ಇಷ್ಟು ಮೌನವೇ? ಅಯ್ಯೋ... ಅವತ್ತೇ ಮೈಕ್ ಸತ್ತಿತ್ತು!

"ನೀನು... ಎಂತ ಹೇಳಿದ್ದೆ?"

"ಐತವಾರ ಬರ್ತೀನಿ ಅಂದಿದ್ದೆ. ನೀ ಕಟ್ ಮಾಡಿದಿ. ಮಾವನ ಮಗನ್ನ ಒಪ್ಪಿಕೊಂಡಿ ಅಂತ ತಿಳದೆ... ನಿನ್ನೆ ಅವ್ವ ಬೈದಾಗ ಅನುಮಾನ ಬಂತು."

ಅವಳ ಕಣ್ಣು ತುಂಬಿ ಬಂತು. ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ. ಅವನದೇ ಫೋನಿನಿಂದ ಅಪ್ಪನ ನಂಬರ್ ಒತ್ತಿದಳು.

"ಅಪ್ಪಾ, ನಾನು ಅಶ್ವಿನಿ. ನಾ ಬಸ್ ಹತ್ತಂಗಿಲ್ಲ. ಮಾವನ ಮಗನ್ನ ಮದಿವಿ ಆಗಂಗಿಲ್ಲ... ಕೇಳಿಸ್ತೇನು?"



"ಕೇಳಿಸ್ತು," ಅಂದ ಚಂದಪ್ಪ. "ಇದು ಯಾರ ಫೋನು?"

"ಹನುಮೇಶಂದು. ಇಲ್ಲೇ ಅದಾನ."

"...ಇಬ್ರೂ ಅಲ್ಲೇ ಇರ್ರಿ. ಬರ್ತೀನಿ."

ಅಪ್ಪ ಬೈಯುತ್ತಾನೋ, ಹೊಡೆಯುತ್ತಾನೋ! ಹನುಮೇಶ ಮಾತ್ರ ಸ್ಟೂಲು ಎಳೆದು ಅವಳ ಪಕ್ಕದಲ್ಲೇ ಕೂತ.

"ಬರಲಿ. ನಾನೂ ಏಳಂಗಿಲ್ಲ."

"ಅವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳು," ಅಂದಳು, ಕಣ್ಣೊರೆಸಿಕೊಳ್ಳುತ್ತಾ.

"ಬರ್ತೀನಿ ಅಶ್ವಿನಿ. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ."

"ಈಗ ಕೇಳಿಸ್ತು ಮಾರಾಯ..."