ಮದುಮಗಳ ಮಡಿಲಿನ ನೀಲಿ ಚೂರು

ಮುಸುಕು ಎತ್ತಿ ನೋಡಿದರೆ ಮದುಮಗಳ ಹಣೆ ಬರಿದಾಗಿತ್ತು.

ಬುಖಾರಾದ ಹಳೇ ಪೇಟೆ. ಮದುವೆಯ ಮರುದಿನ ಬೆಳಿಗ್ಗೆ. ಮೋಹಿರಾ ಅತ್ತೆಮನೆಯ ಅಂಗಳದಲ್ಲಿ ನಿಂತು, ಬಂದ ಹಿರಿಯರಿಗೆಲ್ಲ ಎದೆಯ ಮೇಲೆ ಕೈಯಿಟ್ಟು ಬಾಗಿ ಬಾಗಿ ನಮಸ್ಕರಿಸಿದ್ದಳು. ಜರಿಯ ಮುಸುಕು ಮೊಣಕಾಲಿನವರೆಗೆ ಇಳಿಬಿದ್ದಿತ್ತು. ನಮಸ್ಕಾರ ಮುಗಿಸಿ ಒಳಕೋಣೆಗೆ ಬಂದು ಕೂತಾಗ ಅತ್ತೆ ಹೋಜರ್ ಮುಸುಕು ಸರಿಸಿದಳು. ಹುಬ್ಬಿನ ಮೇಲೆ ಹಕ್ಕಿಯ ರೆಕ್ಕೆಯಂತೆ ಹರಡಿಕೊಂಡಿರಬೇಕಾಗಿದ್ದ ಬೆಳ್ಳಿಯ ಹಣೆಪಟ್ಟಿ ಅಲ್ಲಿರಲಿಲ್ಲ.

ಅದು ಎರಡೂ ಮನೆಯವರ ಸೊತ್ತಲ್ಲ. ಕೇರಿಯ ಮದುವಣಗಿತ್ತಿಯರನ್ನೆಲ್ಲ ಸಿಂಗರಿಸುತ್ತಿದ್ದ ಮುಕರ್ರಮಾ ಬೀಬಿಯದು. ಬುಖಾರಾವನ್ನು ಅಮೀರರು ಆಳುತ್ತಿದ್ದ ಕಾಲದ ಒಡವೆ. ಬೆಳ್ಳಿಯಲ್ಲಿ ಎಲೆ, ಹೂವಿನ ಕುಳಿ ಕೊರೆದು, ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸಿದ ನೀಲಿ ಹಸಿರು ಮೀನಾಕಾರಿ. ಆ ಕೇರಿಯಲ್ಲಿ ಅದನ್ನು ತೊಡದೆ ಮದುವೆಯಾದ ಹೆಣ್ಣಿರಲಿಲ್ಲ.

ಎಲ್ಲಿ ಹೋಯಿತೆಂದು ಹೋಜರ್ ಕೇಳಿದಳು. ಮೋಹಿರಾ ಬಾಯಿ ಬಿಡಲಿಲ್ಲ. ಪೆಟ್ಟಿಗೆ ತೆರೆದರು, ಹಾಸಿಗೆ ಕೊಡವಿದರು, ಹುಡುಗಿಯ ಮೈ ತಡವಿದರು. ಸಿಗಲಿಲ್ಲ. ಕದ್ದು ಯಾರ ಕೈಗೋ ದಾಟಿಸಿದ್ದಾಳೆ ಎಂದು ಹೋಜರ್ ಬಂದವರ ಎದುರೇ ಹೇಳಿದಳು. ಮದುಮಗ ತಲೆ ತಗ್ಗಿಸಿ ನಿಂತ. ಸಂಜೆಯ ಹೊತ್ತಿಗೆ ಸೊಸೆಯನ್ನು ತವರಿಗೆ ಅಟ್ಟಿದರು.

ಬೆಳಗಾಗುವಷ್ಟರಲ್ಲಿ ಮೋಹಿರಾ ಅಡುಗೆಮನೆಯಲ್ಲಿದ್ದ ಆಮ್ಲದಂಥ ಗಟ್ಟಿ ವಿನೆಗರ್ ಕುಡಿದಿದ್ದಳು.

* * *

ತನಿಖೆ ಪೊಲೀಸ್ ಕ್ಯಾಪ್ಟನ್ ಸನೋಬರ್ ರಜಬೋವಾಳ ಪಾಲಿಗೆ ಬಂತು. ಅವಳು ಮೊದಲು ಹೋದದ್ದು ಆಸ್ಪತ್ರೆಗೆ.

ಬದುಕುತ್ತಾಳೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಗಂಟಲು ಸುಟ್ಟಿದೆ, ಮಾತಾಡಿಸಬೇಡಿ ಎಂದರು.

ಹೊರಗಿನ ಬೆಂಚಿನಲ್ಲಿ ಅಣ್ಣ ಹುಸ್ನಿದ್ದೀನ್, ಅತ್ತಿಗೆ ಗುಲಂದಾಮ್ ಕೂತಿದ್ದರು. ಹುಸ್ನಿದ್ದೀನ್ ಅಕ್ಕಸಾಲಿಗ. ತಂದೆತಾಯಿ ಇಲ್ಲದ ತಂಗಿಯನ್ನು ಮಗಳಂತೆ ಸಾಕಿದವನು. ಯಾರೋ ಚಹಾದ ಬಟ್ಟಲು ಮುಂದೆ ಹಿಡಿದರು. ಅವನು ಗಾಳಿಯಲ್ಲಿ ಕೈಯಾಡಿಸಿದ. ಗುಲಂದಾಮ್ ಬಟ್ಟಲು ಇಸಿದುಕೊಂಡು ಅವನ ಬೆರಳಿಗೆ ತಾಗಿಸಿದಳು. ನಿದ್ದೆಗೆಟ್ಟ ಮನುಷ್ಯ ಎಂದುಕೊಂಡಳು ಸನೋಬರ್.

ಮದುವೆಮನೆಗೆ ಹೆಣ್ಣಿನ ಜೊತೆ ಹೋಗಿದ್ದವಳು ಗುಲಂದಾಮ್. ನಮಸ್ಕಾರದ ಉದ್ದಕ್ಕೂ ಪಕ್ಕದಲ್ಲೇ ಇದ್ದೆ, ಯಾರೂ ಹತ್ತಿರ ಸುಳಿಯಲಿಲ್ಲ ಎಂದಳು. ಮತ್ತೆ ಹಣೆಪಟ್ಟಿ ಎಲ್ಲಿ ಹೋಯಿತು ಎಂದರೆ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸನೋಬರ್ ಒಳಗೆ ಹೋಗಿ ಹಾಸಿಗೆಯ ಪಕ್ಕ ಬಾಗಿದಳು.

"ನೀನು ತಗೊಂಡ್ಯಾ ಮಗಳೇ?"

ಮೋಹಿರಾ ಇಲ್ಲವೆಂದು ತಲೆಯಾಡಿಸಿದಳು.

"ಯಾರು ತಗೊಂಡ್ರು, ಗೊತ್ತಾ?"

ಹುಡುಗಿ ಕಣ್ಣು ಮುಚ್ಚಿದಳು. ಸನೋಬರ್ ಹೊರಡುವವರೆಗೂ ತೆರೆಯಲಿಲ್ಲ.

* * *

ಹೋಜರ್ ಮನೆಯಲ್ಲಿ ಇನ್ನೊಂದು ಸುದ್ದಿ ಸಿಕ್ಕಿತು. ಮದುಮಗನ ತಮ್ಮ ಫರ್ರುಖ್ ಗುಮ್ಮಟದ ಬಜಾರಿನಲ್ಲಿ ಪ್ರವಾಸಿಗಳಿಗೆ ಹಳೇ ಸಾಮಾನು ಮಾರುವವನು. ಅವತ್ತು ನಮಸ್ಕಾರ ನಡೆಯುತ್ತಿದ್ದಾಗಲೇ ಹಿಂಬಾಗಿಲಿನಿಂದ ಮಾಯವಾಗಿದ್ದ. ಎಲ್ಲಿಗೆ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಕಥೆ. ಸನೋಬರ್ ಅವನನ್ನು ಠಾಣೆಗೆ ಕರೆತಂದಳು.

"ಹಣೆಪಟ್ಟಿ ಯಾರಿಗೆ ಮಾರಿದೆ?"

"ನಾನು ಮಾರಿಲ್ಲ ಅಕ್ಕಾ. ಅಮ್ಮಂಗೆ ಹೇಳಲ್ಲ ಅಂದ್ರೆ ನಿಜ ಹೇಳ್ತೀನಿ."

ನಿಜ ಬಹಳ ಸಣ್ಣದಿತ್ತು. ಮನೆ ತುಂಬ ಮುಲ್ಲಾಗಳು, ಹಿರಿಯರು ಕೂತಿದ್ದಾಗ ಅವನು ಕ್ರೀಡಾಂಗಣದ ಹಿಂದೆ ಗೆಳೆಯರ ಜೊತೆ ಬಿಯರ್ ಕುಡಿಯುತ್ತಿದ್ದ. ಅಂಗಡಿಯವಳು ಹೌದೆಂದಳು. ಬಿಯರ್ ಜೊತೆ ಒಣಮೀನು ತಿಂದು ಬಾಕಿ ಉಳಿಸಿ ಹೋಗಿದ್ದಾನೆಂದು ಬೈದಳು ಕೂಡ.

ಆ ದಾರಿ ಅಲ್ಲಿಗೆ ಮುಚ್ಚಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಹುಡುಗಿಗೆ ಜ್ವರ ಏರಿದೆ.

ಸನೋಬರ್ ಮೇಜಿನ ಮೇಲೆ ತಲೆಯಿಟ್ಟು ಕೂತಳು. ಹುಡುಗಿ ಸತ್ತರೆ ಕಳ್ಳಿ ಎಂದೇ ಸಾಯುತ್ತಾಳೆ. ಕೇರಿ ಹಾಗೆಂದೇ ಹೂಳುತ್ತದೆ. ಕೈಯಲ್ಲಿ ಏನೂ ಉಳಿದಿರಲಿಲ್ಲ. ತವರಿನಿಂದ ತರಿಸಿ ಮೂಲೆಯಲ್ಲಿ ಮಡಿಸಿಟ್ಟಿದ್ದ ಮೋಹಿರಾಳ ಮದುವೆಯ ನಿಲುವಂಗಿ ಒಂದೇ. ಬೇರೇನೂ ತೋಚದೆ ಅದನ್ನೇ ಬಿಡಿಸಿ ನೆರಿಗೆ ನೆರಿಗೆಯಾಗಿ ತಡವತೊಡಗಿದಳು.

ಮಡಿಲಿನ ಜರಿಯಲ್ಲಿ ಬೆರಳಿಗೆ ಏನೋ ಚುಚ್ಚಿತು. ಉಗುರಿನ ಚೂರಿನಷ್ಟು ನೀಲಿ ಗಾಜು. ಹುಡುಕಿದರೆ ಅಂಥವೇ ಇನ್ನೂ ಕೆಲವು ಸಿಕ್ಕವು. ಭೂತಗನ್ನಡಿ ಹಿಡಿದು ನೋಡಿದಳು. ಮೇಲ್ಮೈ ಹೊಳೆಯುತ್ತಿತ್ತು. ತಿರುವಿ ಹಾಕಿದಳು. ತಳವೂ ಕನ್ನಡಿಯಷ್ಟೇ ನುಣುಪಾಗಿತ್ತು.

* * *

ಮುಕರ್ರಮಾ ಬೀಬಿ ಊಟ ಬಿಟ್ಟು ಮಲಗಿದ್ದಳು. ಒಡವೆ ಹೋದದ್ದಕ್ಕಲ್ಲ.

"ಆ ಮಗುಗೆ ನಾನೇ ಕೈಯಾರೆ ತೊಡಿಸಿದ್ದು ಕಣಮ್ಮ. ನಾನು ಕೇಳಿದ್ನಾ? ವಾಪಸ್ ಕೊಡಿ ಅಂದ್ನಾ? ಅವರವರೇ ಆ ಮಗೂನ ಸಾಯೋ ಹಾಗೆ ಮಾಡಿದ್ರಲ್ಲ."

ಹಣೆಪಟ್ಟಿಯ ಜೊತೆಯದು ಬೇರೆ ಏನಾದರೂ ಉಂಟೇ ಎಂದು ಸನೋಬರ್ ಕೇಳಿದಳು. ಬೀಬಿ ಕಿವಿಯೋಲೆ ತೆಗೆದುಕೊಟ್ಟಳು. ಅದೇ ಕೈಕೆಲಸ, ಅದೇ ನೀಲಿ. ಒಂದು ಓಲೆಯ ಒಂದೇ ಒಂದು ಎಸಳಿನ ಬಣ್ಣ ಎಂದೋ ಉದುರಿಹೋಗಿತ್ತು. ಖಾಲಿ ಕುಳಿಯೊಳಗೆ ಬೆಳ್ಳಿ ಕಾಣುತ್ತಿತ್ತು. ಸನೋಬರ್ ಕಿಟಕಿಯ ಬಳಿ ಹೋದಳು. ಕುಳಿಯ ತಳದ ತುಂಬ ಗೀರುಗಳು. ಅಡ್ಡ, ಉದ್ದ, ಒತ್ತೊತ್ತಾಗಿ, ಜರಡಿಯ ಹಾಗೆ.

ಅವಳು ನೀಲಿ ಚೂರನ್ನು ತೆಗೆದು ಕುಳಿಯ ಪಕ್ಕ ಹಿಡಿದಳು. ಹಳೆಯ ಕೆಲಸಗಾರರು ಬೇಕೆಂದೇ ತಳ ಗೀರಿ ಒರಟು ಮಾಡಿದ್ದಾರೆ. ಕರಗಿದ ಗಾಜು ಆ ಗೀರುಗಳಿಗೆ ಇಳಿದು ಕಚ್ಚಿಕೊಳ್ಳಲಿ ಎಂದು. ಹಾಗಿದ್ದರೆ ಅಲ್ಲಿಂದ ಉದುರಿದ ಚೂರಿನ ತಳದಲ್ಲಿ ಗೀರಿನ ಅಚ್ಚು ಇರಬೇಕು. ತನ್ನ ಕೈಯಲ್ಲಿರುವ ಚೂರಿನಲ್ಲಿ ಅದಿಲ್ಲ.

ಹಣೆಪಟ್ಟಿಯನ್ನು ರಿಪೇರಿಗೆಂದು ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದಳು. ಚಳಿಗಾಲದಲ್ಲಿ ಕೊಂಡಿ ಸಡಿಲವಾಗಿತ್ತು ಎಂದಳು ಬೀಬಿ. ತುಂಬ ದಿನ ಇಟ್ಟುಕೊಂಡೇ ಸರಿಮಾಡಿ ಕೊಟ್ಟ. ಪೆಟ್ಟಿಗೆಯಲ್ಲಿಟ್ಟವಳು ಮದುವೆಯ ದಿನವೇ ಮತ್ತೆ ತೆಗೆದದ್ದು.

"ಯಾರು ಸರಿಮಾಡಿದ್ದು ಅಜ್ಜಿ?"

"ಇನ್ಯಾರು? ನಮ್ಮ ಹುಸ್ನಿದ್ದೀನ್."

* * *

ಆಸ್ಪತ್ರೆಯ ಬೆಂಚಿನಲ್ಲಿ ಗಂಡ ಹೆಂಡತಿ ಹಾಗೇ ಕೂತಿದ್ದರು. ಸನೋಬರ್ ಹುಸ್ನಿದ್ದೀನನ ಅಂಗೈಯಲ್ಲಿ ಒಂದು ಚೂರು ಇಟ್ಟಳು.

"ಇದು ಯಾವ ಬಣ್ಣ, ಉಸ್ತಾದ್?"

ಅವನು ಅದನ್ನು ಮೂಗಿನ ಹತ್ತಿರ ತಂದ. ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಹಸಿರು," ಎಂದ.

ಗುಲಂದಾಮ್ ನೆಲಕ್ಕೆ ಕುಸಿದಳು. "ಅವರನ್ನ ಕೇಳ್ಬೇಡಿ. ತೆಗ್ದಿದ್ದು ನಾನು. ಮುಸುಕಿನೊಳಗೆ ಕೈ ಹಾಕಿದ್ದು ನಾನು."

ಸನೋಬರ್ ಅವಳನ್ನು ಎತ್ತಿ ಕೂರಿಸಿ, ತನಗೆ ತಿಳಿದದ್ದನ್ನು ಹೇಳಿದಳು. ಮೋಹಿರಾಳ ಹಣೆಯಲ್ಲಿದ್ದದ್ದು ನಕಲು. ಅಸಲಿ ಚಳಿಗಾಲದಲ್ಲೇ ಕೈ ಬದಲಾಯಿಸಿತ್ತು. ನಕಲಿನ ತಳ ನುಣುಪಾಗಿತ್ತು, ಬಣ್ಣಕ್ಕೆ ಹಿಡಿತವಿರಲಿಲ್ಲ. ಹುಡುಗಿ ಬಾಗಿದಾಗಲೆಲ್ಲ ತೆಳು ಬೆಳ್ಳಿ ಬಳುಕಿತು, ಗಾಜು ಸಿಡಿದು ಮಡಿಲಿಗೆ ಬಿತ್ತು. ಹತ್ತಿರ ನಿಂತು ಅದನ್ನು ಕಂಡವಳು ಒಬ್ಬಳೇ. ಯಾರೂ ಸುಳಿಯಲಿಲ್ಲ ಎಂದು ಅವಳೇ ಹೇಳಿದ್ದಳು. ಮುಸುಕು ತೆಗೆದರೆ ಬೀಬಿಯ ಕಣ್ಣಿಗೆ ಮೋಸ ಬೀಳುತ್ತದೆ ಎಂದು ಬೆವರು ಒರೆಸುವ ನೆಪದಲ್ಲಿ ಬಿಚ್ಚಿಕೊಂಡಳು. ಅದು ಮೋಹಿರಾಳಿಗೆ ತಿಳಿಯದೆ ಆಗುವ ಕೆಲಸವಲ್ಲ. ಪರರಿಗಾಗಿ ಯಾವ ಹುಡುಗಿಯೂ ಅಷ್ಟು ಮಾತು ಕೇಳಿಸಿಕೊಂಡು ಸುಮ್ಮನಿರುವುದಿಲ್ಲ. ತನ್ನವರಿಗಾಗಿ ಸುಮ್ಮನಿದ್ದಳು.

ಉಳಿದದ್ದನ್ನು ಹುಸ್ನಿದ್ದೀನ್ ಹೇಳಿದ. ಹುಡುಗನಾಗಿದ್ದಾಗಿನಿಂದ ಕುಲುಮೆಯ ಬೆಂಕಿ ನೋಡಿದ ಕಣ್ಣು. ಹೋದ ವರ್ಷ ಮಬ್ಬಾಗತೊಡಗಿತು. ಬೇಗ ಆಪರೇಷನ್ ಆಗದಿದ್ದರೆ ಪೂರ್ತಿ ಹೋಗುತ್ತದೆ ಎಂದರು ತಾಷ್ಕೆಂಟಿನ ಡಾಕ್ಟರು. ಹಣೆಪಟ್ಟಿ ಕೊಂಡವನೂ ತಾಷ್ಕೆಂಟಿನವನೇ. ಅವನ ಹೆಸರು, ವಿಳಾಸ ಕೊಟ್ಟ. ಬಂದ ಹಣವನ್ನು ಆಪರೇಷನ್ನಿಗೆ ಕಟ್ಟಿ, ತಂಗಿಯ ಮದುವೆ ಮುಗಿಯಲೆಂದು ಕಾಯುತ್ತಿದ್ದ. ನಕಲು ಮಾಡುವಾಗ ಕುಳಿಯನ್ನು ಕೈಯಳತೆಯಲ್ಲೇ ಕೊರೆದ. ಬಣ್ಣವನ್ನು ಹೆಂಡತಿಯಿಂದ ತುಂಬಿಸಿದ. ತಳ ಗೀರಲು ಮಾತ್ರ ಕಣ್ಣು ಬೇಕಿತ್ತು. ಗೀಟು ಕಾಣಲಿಲ್ಲ. ಬಿಟ್ಟುಬಿಟ್ಟ.

"ತಂಗಿ ಮೇಲೆ ಕಳ್ಳತನ ಹೊರಿಸಿದಾಗಲಾದರೂ ಬಾಯಿ ಬಿಡಬಾರದಿತ್ತಾ?"

"ಬೆಳಿಗ್ಗೆ ಬೀಬಿ ಹತ್ರ ಹೋಗಿ ಕಾಲು ಹಿಡಿಯೋಣ ಅಂದ್ಕೊಂಡಿದ್ವಿ ಮೇಡಂ," ಎಂದ ಅವನು. "ಅವಳು ಬೆಳಿಗ್ಗೆವರೆಗೂ ಕಾಯ್ಲಿಲ್ಲ."

ನಕಲು ಹಣೆಪಟ್ಟಿ ಅವರ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಸನೋಬರ್ ಹೋಜರ್‌ಳನ್ನು ಕೇರಿಯ ಹಿರಿಯರ ಎದುರಿಗೇ ಕರೆಸಿ ನಡೆದದ್ದನ್ನು ಹೇಳಿದಳು. ಹೋಜರ್ ಎದ್ದು ಹೋದಳು. ಮದುಮಗ ಆಸ್ಪತ್ರೆಯ ಬಾಗಿಲವರೆಗೆ ಬಂದು, ಒಳಗೆ ಹೋಗುವ ಧೈರ್ಯವಾಗದೆ ಮೆಟ್ಟಿಲ ಮೇಲೆ ಕೂತ.

* * *

ಮೋಹಿರಾಳ ಜ್ವರ ಇಳಿದ ದಿನ ಹುಸ್ನಿದ್ದೀನನನ್ನು ಜೈಲಿಗೆ ಸಾಗಿಸಬೇಕಿತ್ತು. ಒಮ್ಮೆ ತಂಗಿಯನ್ನು ನೋಡಿಬರುತ್ತೇನೆಂದು ಅವನು ಬೇಡಿಕೊಂಡ. ಸನೋಬರ್ ತಾನೇ ಕೈಹಿಡಿದು ಹಾಸಿಗೆಯ ಬಳಿ ತಂದು ನಿಲ್ಲಿಸಿದಳು.

ಮೋಹಿರಾ ತುಟಿ ಅಲ್ಲಾಡಿಸಿದಳು. ಮೊದಲು ಉಸಿರು ಮಾತ್ರ ಬಂತು. ಆಮೇಲೆ, ಮರಳಿನ ಮೇಲೆ ಏನೋ ಎಳೆದ ಹಾಗೆ, ಮಾತು.

"ಅಣ್ಣಾ, ಕಣ್ಣು ಮಾಡಿಸ್ಕೊಂಡ್ಯಾ?"

ಆಪರೇಷನ್ ಆಗಿರಲಿಲ್ಲ. ಇನ್ನು ಆಗುವುದೂ ಇರಲಿಲ್ಲ. ಕಟ್ಟಿದ್ದ ಹಣವನ್ನು ತಾಷ್ಕೆಂಟಿನ ಆಸ್ಪತ್ರೆಯವರಿಂದ ವಾಪಸ್ ಪಡೆದು ಪೊಲೀಸರು ಜಪ್ತಿ ಮಾಡಿದ್ದರು.

"ಆಯ್ತು ಕಣೇ," ಎಂದ ಹುಸ್ನಿದ್ದೀನ್. "ಈಗ ನಿನ್ನ ಮುಖ ಚೆನ್ನಾಗಿ ಕಾಣ್ತಿದೆ."

ಅವನು ನೋಡುತ್ತಿದ್ದದ್ದು ದಿಂಬಿನ ಖಾಲಿ ಅಂಚನ್ನು. ಮೋಹಿರಾ ಅಣ್ಣನ ಕಣ್ಣುಗಳನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ನೋವಿಗೆ ಹಲ್ಲು ಕಚ್ಚಿ, ನಿಧಾನವಾಗಿ ತಲೆ ಸರಿಸಿ, ಅವನು ನೋಡುತ್ತಿದ್ದ ಜಾಗಕ್ಕೆ ತನ್ನ ಮುಖ ತಂದಿಟ್ಟಳು.