ಎಂಬತ್ತೈದರ ಲೆನ್ಸು, ಎಂಟಡಿ ಕೋಣೆ

“ಇದು ನನ್ನ ಮೂಗಾ, ಇಲ್ಲಾ ಬದನೇಕಾಯಾ?”

ಆಫ್ರಾಕೊಮಾ ಅಜ್ಜಿ ಫೋಟೊವನ್ನು ಮೇಜಿನ ಮೇಲೆ ಬಡಿದಾಗ ಡುಫಿಯೆಯ ಎದೆ ಧಸಕ್ಕೆಂದಿತು. ಶನಿವಾರ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ. ಈ ಚಿತ್ರ ಕೆಟ್ಟರೆ ಘಾನಾದ ಈ ಕುಮಾಸಿ ಪಟ್ಟಣದಲ್ಲಿ ತನ್ನ ಫೋಟೊ ಸ್ಟುಡಿಯೊ ಮೆಟ್ಟಿಲು ಇನ್ನಾರು ಹತ್ತುತ್ತಾರೆ?

“ಮೂಗು ಚೆನ್ನಾಗೇ ಇದೆ ಅಜ್ಜಿ... ತಪ್ಪು ಲೆನ್ಸಿಂದು!”

ಹಲಗೆ ಗೋಡೆಯ ಆಚೆಯಿಂದ ಗಂಡು ದನಿ! ಹೋದ ತಿಂಗಳು ಪಕ್ಕದಲ್ಲೇ ಸ್ಟುಡಿಯೊ ತೆರೆದಿದ್ದ ಬೆಡಿಯಾಕೊ.

“ನಾಳೆ ಬರ್ತೀನಿ. ಮನುಷ್ಯರ ಮೂಗು ತೆಗಿ!” ಎಂದು ಅಜ್ಜಿ ಹೊರಟಳು.

ಡುಫಿಯೆ ಕೆಂಡವಾಗಿ ಅವನ ಬಾಗಿಲಲ್ಲಿ ನಿಂತಳು. “ನನ್ನ ಗಿರಾಕಿನ ಎಳ್ಕೊಳ್ಳೋಕೆ ನೋಡ್ತೀರಾ? ನಾಚಿಕೆ ಆಗಲ್ವಾ?”

“ಅಯ್ಯೋ, ಇಲ್ಲ ಕಣ್ರೀ! ನಿಮ್ಮ ಕ್ಯಾಮೆರಾ ನೋಡಿದೀನಿ, ಮೂವತ್ತೈದು ಮಿಲಿಮೀಟರಿನ ಲೆನ್ಸು. ಮುಖ ತುಂಬಿಸ್ಬೇಕಂದ್ರೆ ತೀರಾ ಹತ್ರ ಹೋಗ್ಬೇಕು, ಆಗ ಮೂಗು ಉಬ್ಬುತ್ತೆ. ಐವತ್ತರದು ಸೊಂಟದ ತನಕದ ಚಿತ್ರಕ್ಕೆ ಸರಿ. ಬರೀ ಮುಖಕ್ಕೆ ಎಂಬತ್ತೈದರದು... ದೂರ ನಿಂತು ತೆಗೀಬಹುದು.”

“ದೂರ? ನನ್ನದು ಎಂಟಡಿ ಕೋಣೆ! ಹಿಂದೆ ಸರಿದ್ರೆ ಬೆನ್ನಿಗೆ ಗೋಡೆ!”

ಅವನು ನಡುವಿನ ಹಲಗೆ ಗೋಡೆಯನ್ನೊಮ್ಮೆ ನೋಡಿದ. ‘ಉಪದೇಶಕ್ಕೇನು ಕಮ್ಮಿ ಇಲ್ಲ!’ ಎಂದುಕೊಂಡು ಅವಳು ತಿರುಗಿ ಬಂದಳು.

ಮರುದಿನ ಬೆಳಿಗ್ಗೆ ನೋಡಿದರೆ... ಅವನ ದೀಪ, ಪರದೆ, ಕುರ್ಚಿ ಎಲ್ಲವೂ ಮೂಲೆ ಸೇರಿದ್ದವು. ಅವನ ಕೈಯಲ್ಲಿ ಸುತ್ತಿಗೆ.

“ನಡುವಿನ ಹಲಗೆ ತೆಗೀಲಾ? ನೀವು ಹೂಂ ಅಂದ್ರೆ ಮಾತ್ರ.”

ಡುಫಿಯೆ ಅವನ ಕೋಣೆಯತ್ತ ಕಣ್ಣು ಹಾಯಿಸಿದಳು. ತನ್ನ ಅಂಗಡಿಯನ್ನೇ ಖಾಲಿ ಮಾಡಿಕೊಂಡು ನಿಂತಿದ್ದಾನಲ್ಲ... ನಾನು ಬೈದದ್ದು ಇವನನ್ನೇ?

“ಹೂಂ...”

ಹಲಗೆ ಕಳಚಿದ ಮೇಲೆ ತನ್ನ ಎಂಬತ್ತೈದರ ಲೆನ್ಸನ್ನು ಅವಳ ಕ್ಯಾಮೆರಾಗೆ ಅವನೇ ಕೂರಿಸಿಕೊಟ್ಟ. ಅಜ್ಜಿ ಬಣ್ಣಬಣ್ಣದ ಕೆಂಟೆ ಬಟ್ಟೆ ಹೊದ್ದು ಕುಳಿತಳು. ಡುಫಿಯೆ ಹಿಂದೆ ಹಿಂದೆ ಸರಿದು ಅವನ ಕೋಣೆ ಸೇರಿ, ಅಲ್ಲಿಂದಲೇ ಕೂಗಿದಳು.

“ಅಜ್ಜಿ, ತಾತ ನಿಮ್ಮನ್ನ ಮೊದಲ ಸಲ ನೋಡಿದಾಗ ಏನಂದ್ರು?”

“ಒರಳಲ್ಲಿ ಮರಗೆಣಸಿನ ಫುಫು ಕುಟ್ಟಿದ್ದು ಸಾಕು, ನನ್ನ ಎದೆ ಕುಟ್ತಿದೀಯ ಅಂದ, ಆ ತರಲೆ!”

ಅಜ್ಜಿ ನಕ್ಕಳು. ಕ್ಲಿಕ್!

ಮೂಗು, ಸುಕ್ಕು, ಕಣ್ಣಿನ ತುಂಟತನ... ಎಲ್ಲ ಇದ್ದ ಹಾಗೇ, ಎಷ್ಟು ಚೆಂದ! ಅಜ್ಜಿ ಕಣ್ಣೊರೆಸಿಕೊಂಡಳು. “ಹಾಂ, ಇದು ನಾನು!”

ಅಜ್ಜಿ ಹೋದ ಮೇಲೆ ಡುಫಿಯೆ ತಲೆ ತಗ್ಗಿಸಿದಳು. “ನಿನ್ನೆ ಬೈದೆ... ಕ್ಷಮಿಸಿ. ಎಲ್ಲ ನಿಮ್ಮ ಲೆನ್ಸಿಂದ ಆಯ್ತು.”

“ಲೆನ್ಸು ಯಾರ ಕೈಲಾದ್ರೂ ಕೆಲಸ ಮಾಡುತ್ತೆ ಕಣ್ರೀ. ಆದ್ರೆ ಆ ನಗು? ಹತ್ತು ವರ್ಷದಲ್ಲಿ ನಾನು ಯಾರನ್ನೂ ಹಾಗೆ ನಗಿಸಿಲ್ಲ.”

ಹಲಗೆಗಳು ಮತ್ತೆ ಏರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗಿರಾಕಿಗಳಿಗೂ ಅದು ಒಂದೇ ಸ್ಟುಡಿಯೊ ಆಗಿಹೋಗಿತ್ತು.

ಒಂದು ಮಧ್ಯಾಹ್ನ ಬೆಡಿಯಾಕೊ ತಡವರಿಸಿದ. “ಡುಫಿಯೆ... ನಿಮ್ಮ ಮನೆ ಬಾಗಿಲು ತಟ್ಟೋಕೆ ನಮ್ಮ ಸೋದರಮಾವಂದಿರನ್ನ ಕಳಿಸ್ಲಾ?”

“ಹೆಣ್ಣು ಕೇಳೋಕಾ?”

“ಮತ್ತಿನ್ನೇನು, ಬಾಡಿಗೆ ಕೇಳೋಕಾ?”

ಅವಳ ಕೆನ್ನೆ ಬಿಸಿಯಾಯಿತು. ನಗು ತಡೆಯಲಾಗಲಿಲ್ಲ.

“ಬೇಗ ಕಳಿಸು ಮಾರಾಯ... ಆ ಹುಡುಗನ ಕಡೆಯವರು ಇನ್ನೂ ಯಾಕೆ ಬಂದಿಲ್ಲ ಅಂತ ಅಮ್ಮ ದಿನಾ ಕೇಳ್ತಿದ್ದಾಳೆ!”